ಹೊರದೇಶದಲ್ಲಿ ಡಾಕ್ಟರಿಕೆ ಓದುವ ನಮ್ಮ ಮಕ್ಕಳು ಮತ್ತು ಬೋಧನೆಯ ಪ್ರಶ್ನೆ

(ಸಂಸ್ಥೆಯ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ವಿಷಯದ ಬಗ್ಗೆ ಮಾತಾಡಲು ಡಾಕ್ಟರೊಬ್ಬರನ್ನು ಕರೆಯಬೇಕಿತ್ತು ಎಂದು ನಿಮಗೆ ಅನ್ನಿಸಬಹುದು. ನಾನು ಉರ್ದು ಮತ್ತು ಕನ್ನಡ ಕಲಿಸುವ ಶಾಲಾ ಮಾಸ್ತರ. ರೋಗದ ಬಗ್ಗೆ ನನಗೆ ಹೆಚ್ಚು ತಿಳಿಯದು. ಆದರೆ ಹುಡುಗನೊಬ್ಬ ತನ್ನದಲ್ಲದ ಭಾಷೆಯ ತರಗತಿಯಲ್ಲಿ ಕುಳಿತಾಗ ಅವನಿಗೆ ಏನಾಗುತ್ತದೆ ಎಂಬುದನ್ನು ಪ್ರತಿದಿನ ಕಣ್ಣಾರೆ ನೋಡುತ್ತೇನೆ. ಹೊರದೇಶಕ್ಕೆ ಹೋಗಿ ಎಂ.ಬಿ.ಬಿ.ಎಸ್. ಓದುವ ನಮ್ಮ ಮಕ್ಕಳ ಕಷ್ಟದ ದೊಡ್ಡ ಪಾಲು ಅಲ್ಲಿಯೇ ಇದೆ ಎಂಬುದು ನನ್ನ ನಂಬಿಕೆ. ಆದ್ದರಿಂದ ಧೈರ್ಯ ಮಾಡಿ ನಿಮ್ಮ ಮುಂದೆ ನಿಂತಿದ್ದೇನೆ.

ಮೊದಲು ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಹೇಳಲು ಅವನೇ ಒಪ್ಪಿಗೆ ಕೊಟ್ಟಿದ್ದಾನೆ, ಹೆಸರು ಮಾತ್ರ ಹೇಳುವುದಿಲ್ಲ. ಅವನು ನನ್ನ ವಿದ್ಯಾರ್ಥಿ. ಎಸ್.ಎಸ್.ಎಲ್.ಸಿ.ಯಲ್ಲಿ ಕನ್ನಡಕ್ಕೆ 100ಕ್ಕೆ 96 ಅಂಕ ತೆಗೆದ. ಪಿ.ಯು.ಸಿ. ಮುಗಿಸಿದ, ನೀಟ್‌ನಲ್ಲಿ ಅರ್ಹತೆ ಪಡೆದ, ಆದರೆ ಸರ್ಕಾರಿ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ತಂದೆ ಊರ ಹೊರಗಿನ ಎರಡು ಎಕರೆ ಮಾರಿದರು. ಹುಡುಗ ಮಧ್ಯ ಏಷ್ಯಾದ ಒಂದು ದೇಶಕ್ಕೆ ಹೋದ. ಡಿಗ್ರಿ ತೆಗೆದುಕೊಂಡು ಬಂದ. ಇಲ್ಲಿಯ ಸ್ಕ್ರೀನಿಂಗ್ ಪರೀಕ್ಷೆಯಲ್ಲಿ ಮೂರು ಸಲ ಫೇಲಾದ. ಮೂರನೆಯ ಸಲ ಅವನಿಗೆ ಬಂದದ್ದು 143. ಪಾಸಾಗಲು ಬೇಕಾದದ್ದು 150.

ಒಂದು ಸಂಜೆ ಅವನು ನಮ್ಮ ಮನೆಗೆ ಬಂದ. "ಸರ್, ನಾನು ದಡ್ಡನೇ?" ಎಂದು ಕೇಳಿದ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದುದರ ಫಲವೇ ಈ ಭಾಷಣ.

ಲೆಕ್ಕ ಏನು ಹೇಳುತ್ತದೆ?

2024ರಲ್ಲಿ ದೇಶದಲ್ಲಿ ಸುಮಾರು 23 ಲಕ್ಷ ಮಕ್ಕಳು ನೀಟ್ ಬರೆದರು. ಇದ್ದ ಎಂ.ಬಿ.ಬಿ.ಎಸ್. ಸೀಟುಗಳು ಸುಮಾರು 1.1 ಲಕ್ಷ. ಅದರಲ್ಲಿ ಸರ್ಕಾರಿ ಕಾಲೇಜುಗಳದ್ದು ಸುಮಾರು ಅರ್ಧ. ಉಳಿದ ಸೀಟುಗಳ ಫೀಸು ಮಧ್ಯಮ ವರ್ಗದವರ ಕೈಗೆ ಎಟುಕುವಂಥದ್ದಲ್ಲ. ಹೀಗಾಗಿ ರಷ್ಯಾ, ಕಿರ್ಗಿಸ್ತಾನ, ಕಜಾಕಸ್ತಾನ, ಜಾರ್ಜಿಯಾ, ಬಾಂಗ್ಲಾದೇಶ, ಫಿಲಿಪೀನ್ಸ್, ಯುದ್ಧಕ್ಕೆ ಮೊದಲು ಉಕ್ರೇನ್, ಹೀಗೆ ನಮ್ಮ ಮಕ್ಕಳು ಹೋಗುತ್ತಾರೆ. ಹೋಗುವುದು ತಪ್ಪಲ್ಲ. ವಿದ್ಯೆಗಾಗಿ ದೂರ ಪ್ರಯಾಣ ಮಾಡುವುದು ನಮ್ಮ ಪರಂಪರೆಯಲ್ಲಿ ಗೌರವದ ಕೆಲಸ.

ಹೊರದೇಶದ ಡಿಗ್ರಿ ಹಿಡಿದು ಬಂದವರು ಇಲ್ಲಿ ವೃತ್ತಿ ಮಾಡಬೇಕಾದರೆ 2002ರಿಂದ ಒಂದು ಸ್ಕ್ರೀನಿಂಗ್ ಪರೀಕ್ಷೆ ಇದೆ. ಎಫ್.ಎಂ.ಜಿ.ಇ. ಎನ್ನುತ್ತಾರೆ. 300 ಪ್ರಶ್ನೆ, 150 ಸರಿಯಾದರೆ ಪಾಸು. ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. 2022ರ ಡಿಸೆಂಬರ್‌ನಲ್ಲಿ ಪಾಸಾದವರು ನೂರಕ್ಕೆ ಸುಮಾರು 32. 2023ರ ಜೂನ್‌ನಲ್ಲಿ ಸುಮಾರು 10. 2024ರ ಜೂನ್‌ನಲ್ಲಿ ಸುಮಾರು 21. ಅಂದರೆ ಐದು ಜನ ಬರೆದರೆ ಒಬ್ಬರು ಪಾಸಾಗುವುದೇ ಹೆಚ್ಚು ಎಂಬ ಸ್ಥಿತಿ.

ಈ ಅಂಕಿಗಳನ್ನು ನೋಡಿ ಸಮಾಜ ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತದೆ: "ಇಲ್ಲಿ ಸೀಟು ಸಿಗದ ದಡ್ಡರು ಅಲ್ಲಿಗೆ ಹೋಗುತ್ತಾರೆ, ಅದಕ್ಕೇ ಫೇಲಾಗುತ್ತಾರೆ." ಇದು ಅರ್ಧ ಸತ್ಯವೂ ಅಲ್ಲ. 2018ರಿಂದ ಹೊರದೇಶಕ್ಕೆ ಹೋಗುವವರೂ ನೀಟ್‌ನಲ್ಲಿ ಅರ್ಹತೆ ಪಡೆದಿರಲೇಬೇಕು. ಅದೂ ಅಲ್ಲದೆ ಒಂದೇ ದೇಶಕ್ಕೆ, ಒಂದೇ ಮಟ್ಟದ ಅಂಕ ಪಡೆದು ಹೋದವರಲ್ಲಿ ಕೆಲವರು ಮೊದಲ ಸಲವೇ ಪಾಸಾಗುತ್ತಾರೆ, ಕೆಲವರು ಐದು ಸಲ ಬರೆದರೂ ಆಗುವುದಿಲ್ಲ. ಈ ವ್ಯತ್ಯಾಸಕ್ಕೆ ಹುಡುಗನ ತಲೆಯೊಂದೇ ಕಾರಣವಲ್ಲ. ಅವನಿಗೆ ಹೇಗೆ ಕಲಿಸಿದರು ಎಂಬುದೂ ಕಾರಣ.

ಹತ್ತು ನಿಮಿಷದ ಮಾತು, ಎರಡು ವಾಕ್ಯದ ಪಾಠ

ನನ್ನ ವಿದ್ಯಾರ್ಥಿಯನ್ನು ನಾನು ಕೇಳಿದೆ: "ಅಲ್ಲಿ ಪಾಠ ಹೇಗೆ ನಡೆಯುತ್ತಿತ್ತು, ಬಿಡಿಸಿ ಹೇಳು."

ಅವನು ಹೇಳಿದ್ದು ಇಷ್ಟು. ಮೊದಲ ಎರಡು ವರ್ಷ ಇಂಗ್ಲಿಷಿನಲ್ಲಿ ಪಾಠ. ಮಾಸ್ತರು ಪರದೆಯ ಮೇಲಿನ ಸ್ಲೈಡನ್ನು ಓದುತ್ತಿದ್ದರು. ಅವರಿಗೂ ಇಂಗ್ಲಿಷ್ ಕಲಿತ ಭಾಷೆ, ಇವರಿಗೂ ಕಲಿತ ಭಾಷೆ. ಪ್ರಶ್ನೆ ಕೇಳಿದರೆ ಅದೇ ಸ್ಲೈಡನ್ನು ಮತ್ತೆ ಓದುತ್ತಿದ್ದರು. ಮೂರನೆಯ ವರ್ಷದಿಂದ ಆಸ್ಪತ್ರೆ. ಒಬ್ಬ ರೋಗಿಯ ಮಂಚದ ಸುತ್ತ ಹದಿನೆಂಟು ಇಪ್ಪತ್ತು ಹುಡುಗರು. ಡಾಕ್ಟರು ರೋಗಿಯೊಂದಿಗೆ ಅಲ್ಲಿಯ ಭಾಷೆಯಲ್ಲಿ ಹತ್ತು ನಿಮಿಷ ಮಾತಾಡುತ್ತಿದ್ದರು. ನಂತರ ಇವರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳುತ್ತಿದ್ದರು: ಇದು ಇಂಥ ರೋಗ, ಇಂಥ ಔಷಧ.

"ಸರ್, ಆ ಹತ್ತು ನಿಮಿಷದಲ್ಲಿ ಏನು ನಡೆಯಿತು ಎಂಬುದೇ ನಮಗೆ ಗೊತ್ತಾಗುತ್ತಿರಲಿಲ್ಲ" ಎಂದ.

ಸ್ನೇಹಿತರೇ, ಡಾಕ್ಟರಿಕೆ ಇರುವುದೇ ಆ ಹತ್ತು ನಿಮಿಷದಲ್ಲಿ. ರೋಗದ ಹೆಸರು ಪುಸ್ತಕದಲ್ಲೂ ಸಿಗುತ್ತದೆ. ರೋಗಿ ಹೇಳಿದ ಮಾತಿನಿಂದ ಆ ಹೆಸರಿಗೆ ಹೇಗೆ ತಲುಪಿದರು, ಯಾವ ಪ್ರಶ್ನೆ ಮೊದಲು ಕೇಳಿದರು, ಯಾವ ಉತ್ತರ ಬಂದಾಗ ಬೇರೆ ರೋಗದ ಅನುಮಾನ ಬಿಟ್ಟರು, ಇದು ಪುಸ್ತಕದಲ್ಲಿ ಸಿಗುವುದಿಲ್ಲ. ಇದನ್ನು ಕಲಿಸದೆ ಬಿಟ್ಟರೆ ಹುಡುಗನ ಕೈಯಲ್ಲಿ ಉಳಿಯುವುದು ಉತ್ತರಗಳ ಪಟ್ಟಿ ಮಾತ್ರ.

ಭಾಷಾ ಮಾಸ್ತರನಾಗಿ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಕಡೆಯ ಅಜ್ಜಿಯೊಬ್ಬಳು ಡಾಕ್ಟರ ಹತ್ತಿರ ಹೋಗಿ "ತಲೆ ತಿರುಗತೈತಿ" ಎನ್ನುತ್ತಾಳೆ. ಇನ್ನೊಬ್ಬಳು "ಎದ್ದು ನಿಂತರೆ ಕಣ್ಣು ಕತ್ತಲೆ ಬರತೈತಿ" ಎನ್ನುತ್ತಾಳೆ. ನಮ್ಮ ಮನೆಗಳಲ್ಲಿ ಎರಡಕ್ಕೂ "ಚಕ್ಕರ್" ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಡಾಕ್ಟರಿಗೆ ಇವೆರಡೂ ಬೇರೆ ಬೇರೆ ದಾರಿಗಳು. ಮನೆಯೇ ಗಿರಗಿರ ತಿರುಗಿದಂತಾದರೆ ಕಿವಿಯ ಒಳಭಾಗದ ತೊಂದರೆ ಇರಬಹುದು. ನಿಂತಾಗ ಕಣ್ಣು ಕತ್ತಲಾದರೆ ರಕ್ತದೊತ್ತಡ ಇಳಿದಿರಬಹುದು, ರಕ್ತ ಕಡಿಮೆ ಇರಬಹುದು, ಹೃದಯದ ತೊಂದರೆಯೂ ಇರಬಹುದು. ರಷ್ಯನ್ ಭಾಷೆಯಲ್ಲೂ ಹೀಗೆಯೇ ಎರಡು ಮಾತುಗಳಿವೆ. ತಲೆ ತಿರುಗುವುದಕ್ಕೆ "ಗಲವಾ ಕ್ರೂಝಿತ್ಸ್ಯಾ" ಎನ್ನುತ್ತಾರೆ, ಕಣ್ಣು ಕತ್ತಲೆ ಬರುವುದಕ್ಕೆ "ವ್ ಗ್ಲಾಜಾಖ್ ತಿಮ್ನೆಯೆತ್" ಎನ್ನುತ್ತಾರೆ. ಈ ಎರಡು ಮಾತುಗಳ ವ್ಯತ್ಯಾಸ ತಿಳಿಯದ ವಿದ್ಯಾರ್ಥಿ ಆ ವಾರ್ಡಿನಲ್ಲಿ ವರ್ಷಗಟ್ಟಲೆ ನಿಂತರೂ ಏನು ಕಲಿತಾನು?

ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಓದುವವನಿಗೆ ಪುಸ್ತಕ ಇಂಗ್ಲಿಷಿನದು, ರೋಗಿ ಮಾತಾಡುವುದು ಕಿರ್ಗಿಜ್ ಅಥವಾ ರಷ್ಯನ್. ಓಶ್ ನಗರದಲ್ಲಿ ಉಜ್ಬೆಕ್ ಕೂಡ. ಹುಡುಗ ಮನೆಯಲ್ಲಿ ಮಾತಾಡುವುದು ಉರ್ದು, ಬೀದಿಯಲ್ಲಿ ಕನ್ನಡ. ಇಷ್ಟು ಭಾಷೆಗಳ ನಡುವೆ ಸೇತುವೆ ಕಟ್ಟುವವನೇ ಅಧ್ಯಾಪಕ. ಸೇತುವೆ ಇಲ್ಲದಿದ್ದರೆ ಹುಡುಗ ಹಾಸ್ಟೆಲಿನಲ್ಲಿ ಕುಳಿತು ಮೊಬೈಲಿನಲ್ಲಿ ಭಾರತದ ಕೋಚಿಂಗ್ ವಿಡಿಯೋ ನೋಡುತ್ತಾನೆ. ಅಷ್ಟು ದೂರ ಹೋಗಿ ವಿಡಿಯೋ ನೋಡುವುದಾದರೆ ಎರಡು ಎಕರೆ ಮಾರಬೇಕಾಗಿರಲಿಲ್ಲ.

ರೋಗಗಳೂ ಊರಿಂದ ಊರಿಗೆ ಬೇರೆ. ನಮ್ಮ ಹೊಲಗಳಲ್ಲಿ ಹಾವು ಕಚ್ಚುತ್ತದೆ. ಕ್ರಿಮಿನಾಶಕ ಕುಡಿದವರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಮಲೇರಿಯಾ, ಡೆಂಗ್ಯೂ ನಮ್ಮವು. ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಇಂದಿಗೂ ಮಲೆನಾಡನ್ನು ಬಿಟ್ಟಿಲ್ಲ. ಚಳಿ ದೇಶದ ವಾರ್ಡಿನಲ್ಲಿ ಇಂಥ ರೋಗಿಗಳು ಕಾಣಸಿಗುವುದು ಅಪರೂಪ. ಅಲ್ಲಿಯ ಅಧ್ಯಾಪಕರದ್ದು ತಪ್ಪಲ್ಲ, ಅವರು ತಮ್ಮ ಜನರ ರೋಗವನ್ನೇ ಕಲಿಸುತ್ತಾರೆ. ಆದರೆ ಈ ಕೊರತೆಯನ್ನು ತುಂಬುವ ಏರ್ಪಾಡು ಇರಬೇಕು ಎಂಬುದನ್ನು ನಾವು ತಿಳಿದಿರಬೇಕು.

ಒಳ್ಳೆಯ ಬೋಧನೆ ಎಂದರೆ ಏನು?

ಹೊರದೇಶದ ಕಾಲೇಜುಗಳೆಲ್ಲ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅನ್ಯಾಯವಾಗುತ್ತದೆ. ಹಳೆಯ ಸೋವಿಯತ್ ದೇಶಗಳ ವೈದ್ಯಕೀಯ ಕಾಲೇಜುಗಳಲ್ಲಿ ಒಂದು ಒಳ್ಳೆಯ ಸಂಪ್ರದಾಯವಿದೆ. ಸಣ್ಣ ಗುಂಪು, ಬಾಯಿ ಪಾಠ ಒಪ್ಪಿಸುವುದು, ಬಾಯಿ ಮಾತಿನ ಪರೀಕ್ಷೆ. ಒಂದು ತರಗತಿ ತಪ್ಪಿದರೆ ಮತ್ತೊಂದು ದಿನ ಬಂದು ಆ ಪಾಠವನ್ನು ಒಪ್ಪಿಸಲೇಬೇಕು. ಅದಕ್ಕೆ ಅವರು "ಅತ್ರಬೋತ್ಕಾ" ಎನ್ನುತ್ತಾರೆ. ನಮ್ಮ ಮದ್ರಸಾಗಳಲ್ಲಿ ಸಬಕ್ ಒಪ್ಪಿಸದೆ ಮುಂದಿನ ಸಬಕ್ ಸಿಗುವುದಿಲ್ಲವಲ್ಲ, ಹಾಗೆಯೇ. ಇದನ್ನು ಮನಸ್ಸಿಟ್ಟು ನಡೆಸುವ ಅಧ್ಯಾಪಕರು ಸಿಕ್ಕಿದ ಮಕ್ಕಳು ಗಟ್ಟಿಯಾಗುತ್ತಾರೆ. ಇದನ್ನು ಬರೀ ಸಹಿ ಹಾಕಿಸಿಕೊಳ್ಳುವ ಶಾಸ್ತ್ರ ಮಾಡಿಕೊಂಡ ಕಡೆ ಮಕ್ಕಳು ಟೊಳ್ಳಾಗಿಯೇ ಉಳಿಯುತ್ತಾರೆ. ಪದ್ಧತಿ ಒಂದೇ, ನಡೆಸುವ ಕೈ ಬೇರೆ.

ವೈದ್ಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಕಲಿಕೆಯ ನಾಲ್ಕು ಮೆಟ್ಟಿಲುಗಳನ್ನು ಹೇಳಿದರು. ಮೊದಲನೆಯದು, ವಿಷಯ ಗೊತ್ತಿರುವುದು. ಎರಡನೆಯದು, ಹೇಗೆ ಮಾಡಬೇಕೆಂದು ಗೊತ್ತಿರುವುದು. ಮೂರನೆಯದು, ಮಾಡಿ ತೋರಿಸುವುದು. ನಾಲ್ಕನೆಯದು, ನಿಜವಾದ ಕೆಲಸದಲ್ಲಿ ಅದನ್ನು ಮಾಡುವುದು. ನಮಗೆ ಇದು ಹೊಸದೇನಲ್ಲ. ಮಗುವಿಗೆ ವುಝೂ ಹೇಗೆ ಕಲಿಸುತ್ತೇವೆ? ಪುಸ್ತಕ ಕೊಟ್ಟು ಕಂಠಪಾಠ ಮಾಡು ಎನ್ನುವುದಿಲ್ಲ. ಹೌಝ್‌ನ ಬಳಿ ಕೂರಿಸಿ ನಾವು ಮಾಡಿ ತೋರಿಸುತ್ತೇವೆ, ಅದರ ಕೈಯಲ್ಲಿ ಮಾಡಿಸುತ್ತೇವೆ, ಮೊಣಕೈ ಒಣಗಿ ಉಳಿದರೆ "ಇಲ್ಲಿ ನೀರು ತಾಗಿಲ್ಲ, ಮತ್ತೆ ಮಾಡು" ಎನ್ನುತ್ತೇವೆ. ವಾರ್ಡಿನ ಪಾಠವೂ ಇದೇ. ವಿದ್ಯಾರ್ಥಿಯೇ ರೋಗಿಯನ್ನು ಮಾತಾಡಿಸಬೇಕು, ತಾನೇ ಕೇಸ್ ಶೀಟ್ ಬರೆಯಬೇಕು, ಅಧ್ಯಾಪಕ ನೋಡಿ "ಇಲ್ಲಿ ನೀರು ತಾಗಿಲ್ಲ" ಎನ್ನಬೇಕು.

ನಮ್ಮ ಚರಿತ್ರೆಯಲ್ಲಿಯೂ ಇದಕ್ಕೆ ದೊಡ್ಡ ಮಾದರಿ ಇದೆ. ಬಗ್ದಾದ್ ಮತ್ತು ರಯ್ಯ್ ನಗರಗಳ ಆಸ್ಪತ್ರೆಗಳ ಮುಖ್ಯಸ್ಥರಾಗಿದ್ದ ಅಬೂಬಕ್ರ್ ಅಲ್ ರಾಝಿ ಅವರ ಬೋಧನೆಯ ರೀತಿಯನ್ನು ಹತ್ತನೆಯ ಶತಮಾನದ ಇಬ್ನ್ ಅನ್ನದೀಮ್ ತಮ್ಮ 'ಅಲ್ ಫಿಹ್ರಿಸ್ತ್' ಗ್ರಂಥದಲ್ಲಿ ದಾಖಲಿಸಿದ್ದಾರೆ. ರಾಝಿಯವರ ಸುತ್ತ ಶಿಷ್ಯರು ಸಾಲುಸಾಲಾಗಿ ಕೂರುತ್ತಿದ್ದರು. ಬಂದ ರೋಗಿ ಮೊದಲು ಹೊರಗಿನ ಸಾಲಿನ ಕಿರಿಯರಿಗೆ ತನ್ನ ಕಷ್ಟ ಹೇಳಬೇಕು. ಅವರಿಗೆ ತಿಳಿಯದಿದ್ದರೆ ಒಳಗಿನ ಸಾಲು. ಅವರಿಗೂ ತಿಳಿಯದಿದ್ದರೆ ಕೊನೆಗೆ ರಾಝಿ ಮಾತಾಡುತ್ತಿದ್ದರು. ಎಷ್ಟು ಸೊಗಸಾದ ಏರ್ಪಾಡು ನೋಡಿ. ಗುರು ಮೊದಲು ಮಾತಾಡುವುದಿಲ್ಲ. ಶಿಷ್ಯ ಮೊದಲು ಯೋಚಿಸುತ್ತಾನೆ, ತಪ್ಪು ಮಾಡುತ್ತಾನೆ, ನಂತರ ಗುರುವಿನ ಮಾತು ಕೇಳುತ್ತಾನೆ. ಆ ಮಾತು ಅವನಿಗೆ ಜನ್ಮದಲ್ಲಿ ಮರೆಯುವುದಿಲ್ಲ.

ಭಾಷೆಯ ವಿಷಯಕ್ಕೆ ಬಂದರೆ ಹತ್ತಿರದ ಉದಾಹರಣೆಯೇ ಇದೆ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ನಮ್ಮ ಬೀದರ್, ಕಲಬುರಗಿ, ರಾಯಚೂರು ಅದಕ್ಕೇ ಸೇರಿದ್ದವು. ಅಲ್ಲಿ 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ನಡೆಯಿತು, ವೈದ್ಯಕೀಯವನ್ನೂ ಉರ್ದುವಿನಲ್ಲಿ ಕಲಿಸಿದರು. ಪುಸ್ತಕ ಅನುವಾದಿಸಲು 'ದಾರುಲ್ ತರ್ಜುಮಾ' ಎಂಬ ಪ್ರತ್ಯೇಕ ಸಂಸ್ಥೆಯನ್ನೇ ಕಟ್ಟಿದರು. ವಿದ್ಯಾರ್ಥಿಗೆ ಅರ್ಥವಾಗುವಂತೆ ಮಾಡುವುದು ಕಲಿಸುವವರ ಜವಾಬ್ದಾರಿ ಎಂದು ಅವರು ಒಪ್ಪಿಕೊಂಡಿದ್ದರು.

ನಮ್ಮಲ್ಲಿಗೆ ಬಂದವರಿಂದ ಕಲಿಯಬೇಕಾದ ಪಾಠ

ನಮ್ಮವರು ಹೊರಗೆ ಹೋಗುವಂತೆಯೇ ಹೊರಗಿನವರು ಡಾಕ್ಟರಿಕೆ ಕಲಿಯಲು ಕರ್ನಾಟಕಕ್ಕೆ ಬರುತ್ತಾರೆ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ಆರಂಭಿಸಿದರು. ಅಲ್ಲಿ ಮಲೇಷ್ಯಾದ ಎಷ್ಟೋ ಮಂದಿ ಓದಿ ಹೋಗಿದ್ದಾರೆ. ಆ ವಾರ್ಡುಗಳಲ್ಲಿ ರೋಗಿ ತುಳು ಮಾತಾಡುತ್ತಾನೆ, ಕನ್ನಡ, ಕೊಂಕಣಿ, ಬ್ಯಾರಿ ಮಾತಾಡುತ್ತಾನೆ. ಕೌಲಾಲಂಪುರದಿಂದ ಬಂದ ಹುಡುಗಿಗೂ ದೆಹಲಿಯಿಂದ ಬಂದ ಹುಡುಗನಿಗೂ ಅದು ಅಷ್ಟೇ ಹೊಸದು.

1997ರಲ್ಲಿ ಆರಂಭವಾದ ಮೆಲಾಕಾ ಮಣಿಪಾಲ್ ಮೆಡಿಕಲ್ ಕಾಲೇಜಿನಲ್ಲಿ ಇದಕ್ಕೊಂದು ಜಾಣ ಏರ್ಪಾಡು ಮಾಡಿದರು. ವಿದ್ಯಾರ್ಥಿಗಳು ಮೊದಲ ಎರಡೂವರೆ ವರ್ಷ ಮಣಿಪಾಲದಲ್ಲಿ ಶರೀರ ರಚನೆ, ಶರೀರ ಕ್ರಿಯೆ ಮುಂತಾದ ಮೂಲ ವಿಷಯಗಳನ್ನು ಇಂಗ್ಲಿಷಿನಲ್ಲಿ ಕಲಿತರು. ಆಸ್ಪತ್ರೆಯ ಪಾಠದ ವರ್ಷಗಳಿಗೆ ಮಲೇಷ್ಯಾಕ್ಕೆ ಹೋದರು. ಅಂದರೆ ಪುಸ್ತಕದ ಪಾಠ ಎಲ್ಲಿ ಬೇಕಾದರೂ ಆಗಲಿ, ರೋಗಿಯ ಹತ್ತಿರದ ಪಾಠ ತಾವು ಮುಂದೆ ಯಾರಿಗೆ ಚಿಕಿತ್ಸೆ ಕೊಡಬೇಕೋ ಆ ಜನರ ನಡುವೆ ನಡೆಯಿತು. ಅವರ ಸಮಸ್ಯೆಯೂ ನಮ್ಮ ಸಮಸ್ಯೆಯೇ ಆಗಿತ್ತು. ಅವರು ಅದಕ್ಕೆ ತಕ್ಕ ಏರ್ಪಾಡು ಮಾಡಿಕೊಂಡರು, ನಾವು ಏಜೆಂಟನ ಮಾತು ನಂಬಿ ವಿಮಾನ ಹತ್ತಿಸಿದೆವು.

ರೋಗಿಯ ಹತ್ತಿರ ಹೋಗದೆ ಡಾಕ್ಟರಿಕೆ ಕಲಿಯಲಾಗದು ಎಂಬುದು ಕೊರೋನಾ ಕಾಲದಲ್ಲಿ ಎಲ್ಲರಿಗೂ ಗೊತ್ತಾಯಿತು. ಚೀನಾದಲ್ಲಿ ಓದುತ್ತಿದ್ದ ನಮ್ಮ ಮಕ್ಕಳು 2020ರಿಂದ ಮನೆಯಲ್ಲೇ ಕುಳಿತು ಆನ್‌ಲೈನ್ ಪಾಠ ಕೇಳಿದರು. 2022ರಲ್ಲಿ ಯುದ್ಧ ಬಂದು ಉಕ್ರೇನಿನ ಮಕ್ಕಳೂ ಮರಳಿದರು. ಹಾವೇರಿ ಜಿಲ್ಲೆಯ ಒಬ್ಬ ಹುಡುಗ ಖಾರ್ಕಿವ್‌ನಲ್ಲಿ ಪ್ರಾಣವನ್ನೇ ಕಳೆದುಕೊಂಡ. ಕೊನೆಯ ವರ್ಷವನ್ನು ಮನೆಯಿಂದ ಓದಿ ಮುಗಿಸಿದವರಿಗೆ ಸ್ಕ್ರೀನಿಂಗ್ ಪರೀಕ್ಷೆ ಪಾಸಾದ ಮೇಲೆ ಒಂದು ವರ್ಷದ ಬದಲು ಎರಡು ವರ್ಷ ಇಂಟರ್ನ್‌ಶಿಪ್ ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಜುಲೈನಲ್ಲಿ ಹೇಳಿತು. ಮಕ್ಕಳಿಗೆ ಅದು ಕಷ್ಟವಾಯಿತು, ನಿಜ. ಆದರೆ ಹೊಟ್ಟೆ ಮುಟ್ಟಿ ನೋಡದೆ ಹೊಟ್ಟೆನೋವನ್ನು ಕಲಿತವನ ಕೈಗೆ ರೋಗಿಯನ್ನು ಒಪ್ಪಿಸುವುದು ಹೇಗೆ?

ತಂದೆ ತಾಯಂದಿರು ಕೇಳಬೇಕಾದ ಪ್ರಶ್ನೆಗಳು

ಕಾಲೇಜಿನ ಕಟ್ಟಡದ ಫೋಟೋ, ಹಾಸ್ಟೆಲಿನಲ್ಲಿ ಹಲಾಲ್ ಊಟ, ಫೀಸಿನ ಕಂತು, ಇವನ್ನೆಲ್ಲ ನಾವು ಕೇಳುತ್ತೇವೆ. ಪಾಠದ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. ಇನ್ನು ಮುಂದೆ ಇವನ್ನು ಕೇಳಿ.

ಒಂದು, ವಾರ್ಡಿನಲ್ಲಿ ಒಬ್ಬ ಅಧ್ಯಾಪಕರ ಹಿಂದೆ ಎಷ್ಟು ವಿದ್ಯಾರ್ಥಿಗಳು?

ಎರಡು, ರೋಗಿಗಳ ಭಾಷೆಯನ್ನು ಯಾವ ವರ್ಷದಿಂದ ಕಲಿಸುತ್ತಾರೆ, ಅದರಲ್ಲಿ ಪರೀಕ್ಷೆ ಇದೆಯೇ?

ಮೂರು, ವಿದ್ಯಾರ್ಥಿ ತಾನೇ ಕೇಸ್ ಶೀಟ್ ಬರೆದು ಒಪ್ಪಿಸುತ್ತಾನೆಯೇ, ಅಥವಾ ದೂರದಿಂದ ನೋಡಿ ಬರುತ್ತಾನೆಯೇ?

ನಾಲ್ಕು, 2021ರ ನವೆಂಬರ್‌ನ ನಿಯಮಗಳಿಗೆ ಆ ಕೋರ್ಸು ಹೊಂದುತ್ತದೆಯೇ? ಕನಿಷ್ಠ 54 ತಿಂಗಳ ಓದು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಇಂಗ್ಲಿಷ್ ಮಾಧ್ಯಮ, ಆ ದೇಶದಲ್ಲಿ ಅಲ್ಲಿಯವರಂತೆಯೇ ವೃತ್ತಿ ಮಾಡಲು ಪರವಾನಗಿ ಸಿಗುವಂಥ ಡಿಗ್ರಿ, ಇವೆಲ್ಲ ಇರಬೇಕು. ಇಂಗ್ಲಿಷ್ ಮಾಧ್ಯಮ ಎಂಬ ನಿಯಮದಿಂದ ಪುಸ್ತಕದ ಸಮಸ್ಯೆ ಬಗೆಹರಿಯುತ್ತದೆ, ರೋಗಿಯ ಸಮಸ್ಯೆ ಅಲ್ಲ, ಇದನ್ನು ನೆನಪಿಡಿ.

ಐದು, ಆ ಕಾಲೇಜಿನಿಂದ ಬಂದವರು ಸ್ಕ್ರೀನಿಂಗ್ ಪರೀಕ್ಷೆಯಲ್ಲಿ ಎಷ್ಟು ಮಂದಿ ಪಾಸಾಗಿದ್ದಾರೆ? ಪರೀಕ್ಷೆ ನಡೆಸುವ ರಾಷ್ಟ್ರೀಯ ಪರೀಕ್ಷಾ ಮಂಡಳಿ ಕಾಲೇಜುವಾರು ಫಲಿತಾಂಶಗಳನ್ನು ಪ್ರಕಟಿಸಿದೆ. ಜಮೀನು ಮಾರುವ ಮೊದಲು ಅದನ್ನು ತೆರೆದು ನೋಡಿ.

ಹೋಗುವ ಮಕ್ಕಳಿಗೆ ನನ್ನ ಒಂದೇ ಮಾತು. ವಿಮಾನ ಇಳಿದ ದಿನದಿಂದಲೇ ರೋಗಿಯ ಭಾಷೆ ಕಲಿಯಿರಿ. "ಗ್ದ್ಯೆ ಬಲೀತ್" ಅಂದರೆ "ಎಲ್ಲಿ ನೋಯುತ್ತದೆ" ಎಂದರ್ಥ. ಅಷ್ಟು ಕೇಳಲು ಬಂದರೆ ಉಳಿದದ್ದನ್ನು ರೋಗಿಯೇ ಕಲಿಸುತ್ತಾನೆ.

ನಮ್ಮ ಶಾಲೆಯಿಂದಲೇ ಆರಂಭವಾಗಬೇಕು

ಈಗ ಕಷ್ಟದ ಮಾತಿಗೆ ಬರುತ್ತೇನೆ. ನನ್ನ ವಿದ್ಯಾರ್ಥಿಗೆ ಕನ್ನಡದಲ್ಲಿ 96 ಬಂದಿತ್ತು ಎಂದೆನಲ್ಲ, ಆ 96 ಹೇಗೆ ಬಂತು? ನಾನು ಹನ್ನೆರಡು ಪ್ರಬಂಧ, ಹತ್ತು ಪತ್ರ ಬರೆಸಿ ಬಾಯಿಪಾಠ ಮಾಡಿಸಿದ್ದೆ. ಅವನು ಅಕ್ಷರ ತಪ್ಪದೆ ಬರೆದ. ಶಾಲೆಗೆ ಒಳ್ಳೆಯ ಫಲಿತಾಂಶ ಬಂತು, ನನಗೆ ಶಾಲು ಹೊದಿಸಿದರು. ಆದರೆ ಅರ್ಥವಾಗದಿದ್ದಾಗ ಕೈ ಎತ್ತಿ "ಸರ್, ಇದು ತಿಳಿಯಲಿಲ್ಲ" ಎನ್ನುವುದನ್ನು ನಾನು ಅವನಿಗೆ ಕಲಿಸಲಿಲ್ಲ. ಹೊಸ ಭಾಷೆಯ ನಡುವೆ ತಪ್ಪು ತಪ್ಪಾಗಿಯಾದರೂ ಮಾತಾಡುವ ಧೈರ್ಯ ಕೊಡಲಿಲ್ಲ. ಆ ದೂರದ ವಾರ್ಡಿನಲ್ಲಿ ಅವನು ಹತ್ತೊಂಬತ್ತು ಜನರ ಹಿಂದೆ ಬಾಯಿ ಮುಚ್ಚಿ ನಿಂತದ್ದು ಅಲ್ಲಿಯ ಅಧ್ಯಾಪಕರ ತಪ್ಪು ಮಾತ್ರವಲ್ಲ. ಬಾಯಿ ಮುಚ್ಚಿ ಕೂರುವುದನ್ನು ಅವನು ನನ್ನ ತರಗತಿಯಲ್ಲೇ ಕಲಿತಿದ್ದ.

ಆದ್ದರಿಂದ ಅವನ ಪ್ರಶ್ನೆಗೆ ನನ್ನ ಉತ್ತರ ಹೀಗಿತ್ತು: "ಇಲ್ಲಪ್ಪ, ನೀನು ದಡ್ಡನಲ್ಲ. ನಿನಗೆ ಕಲಿಸಿದವರಲ್ಲಿ ಕೆಲವರು ಸರಿಯಾಗಿ ಕಲಿಸಲಿಲ್ಲ. ಅವರಲ್ಲಿ ನಾನೂ ಒಬ್ಬ."

ಅಂದಿನಿಂದ ನಾನು ನನ್ನ ತರಗತಿಯಲ್ಲಿ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ವಾರಕ್ಕೆ ಎರಡು ದಿನ ಪುಸ್ತಕ ತೆರೆಯುವುದಿಲ್ಲ. ಒಬ್ಬ ಹುಡುಗ ಅಂಗಡಿಯವನಾಗುತ್ತಾನೆ, ಒಬ್ಬಳು ಬಸ್ ಕಂಡಕ್ಟರಾಗುತ್ತಾಳೆ, ಒಬ್ಬ ರೋಗಿ, ಒಬ್ಬಳು ಡಾಕ್ಟರ್. ಕನ್ನಡದಲ್ಲಿ ಮಾತಾಡಬೇಕು, ತಪ್ಪಿದರೆ ನಗುವಂತಿಲ್ಲ. ಮೊದಮೊದಲು ಗಲಾಟೆ ಎಂದು ಪಕ್ಕದ ತರಗತಿಯವರು ದೂರು ಹೇಳಿದರು. ಈಗ ಅಭ್ಯಾಸವಾಗಿದೆ.

ಸಂಸ್ಥೆಯ ಮುಂದೆ ಮೂರು ವಿನಂತಿಗಳನ್ನಿಡುತ್ತೇನೆ. ಸ್ಕಾಲರ್‌ಶಿಪ್ ಕೊಡುವಾಗ ಹೊರದೇಶಕ್ಕೆ ಹೋಗುವ ಮಕ್ಕಳ ಫೀಸಿನ ಜೊತೆಗೆ ಅಲ್ಲಿಯ ಭಾಷೆ ಕಲಿಯುವ ಖರ್ಚನ್ನೂ ಸೇರಿಸಿ. ಮರಳಿ ಬಂದು ಪರೀಕ್ಷೆಗೆ ಓದುತ್ತಿರುವವರಿಗಾಗಿ ನಮ್ಮ ಕಟ್ಟಡದಲ್ಲಿ ಸಂಜೆ ಒಂದು ಕೊಠಡಿ ಕೊಡಿ. ನಮ್ಮ ಸದಸ್ಯರಲ್ಲಿ ಡಾಕ್ಟರುಗಳಿದ್ದಾರೆ. ವಾರಕ್ಕೊಂದು ದಿನ ಬಂದು ರಾಝಿಯವರ ರೀತಿಯಲ್ಲಿ ಒಂದೊಂದು ಕೇಸನ್ನು ಮುಂದಿಟ್ಟು, ಮೊದಲು ಮಕ್ಕಳನ್ನೇ ಯೋಚಿಸಲು ಬಿಡಲಿ. ಮೂರನೆಯದು, 2019ರಿಂದ ಜಾರಿಯಲ್ಲಿರುವ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ಹೊಸ ವಿದ್ಯಾರ್ಥಿಗಳಿಗೆ ಸ್ಥಳೀಯ ಭಾಷೆ ಕಲಿಸುವುದಕ್ಕೆ ಅವಕಾಶವಿದೆ. ನಮ್ಮ ಸುತ್ತಲಿನ ಮೆಡಿಕಲ್ ಕಾಲೇಜುಗಳಿಗೆ ಹೊರಗಿನಿಂದ ಬಂದ ಮಕ್ಕಳಿಗೆ ರೋಗಿಯ ಕನ್ನಡ, ರೋಗಿಯ ಉರ್ದು ಕಲಿಸಲು ನಮ್ಮ ಸಂಸ್ಥೆಯ ಭಾಷಾ ಶಿಕ್ಷಕರು ಮುಂದೆ ಬರಬೇಕು. ವಾರಕ್ಕೊಂದು ಭಾನುವಾರ ಕೊಡಲು ನಾನು ಸಿದ್ಧ.

ನನ್ನ ವಿದ್ಯಾರ್ಥಿ ಈಗ ನಾಲ್ಕನೆಯ ಸಲ ಬರೆಯಲು ತಯಾರಿ ನಡೆಸಿದ್ದಾನೆ. ಈ ಸಲ ಒಬ್ಬನೇ ಕುಳಿತು ಓದುತ್ತಿಲ್ಲ. ಅವನಂತೆಯೇ ಮರಳಿ ಬಂದ ಇಬ್ಬರು ಸ್ನೇಹಿತರು ಜೊತೆಗಿದ್ದಾರೆ. ಒಬ್ಬ ರೋಗಿಯಾಗುತ್ತಾನೆ, ಇಬ್ಬರು ಪ್ರಶ್ನೆ ಕೇಳುತ್ತಾರೆ. ಏಳು ಅಂಕದ ದೂರ ಅವನು ದಾಟುತ್ತಾನೆ ಎಂಬ ಭರವಸೆ ನನಗಿದೆ, ಇನ್ಶಾ ಅಲ್ಲಾಹ್. ಅವನಿಗಾಗಿಯೂ, ಈ ವರ್ಷ ವಿಮಾನ ಹತ್ತಲಿರುವ ಎಲ್ಲ ಮಕ್ಕಳಿಗಾಗಿಯೂ ದುಆ ಮಾಡಿ. ದುಆದ ಜೊತೆಗೆ ಆ ಐದು ಪ್ರಶ್ನೆಗಳನ್ನೂ ಮರೆಯಬೇಡಿ.